ಸಾಸಿವೆ ಡಬ್ಬಿಯಲ್ಲಿದ್ದ ಸಾವಿರದ ಎಂಟುನೂರು

ನಮ್ಮೂರು ಸೂಳೆಕೆರೆ ಏರಿಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಕಳೆದ ವರ್ಷ ಮೇ ಕೊನೆಯಲ್ಲಿ ಸ್ಟಡಿ ಹಾಲಿಡೇಗೆ ಅಂತ ದಾವಣಗೆರೆ ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದೆ. ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಪ್ಪಿಟ್ಟಿತು. ಬೀಸಿದ್ದು ಅರ್ಧ ಗಂಟೆಯಷ್ಟೇ. ಅಷ್ಟರಲ್ಲಿ ಆ ಗಾಳಿ ನಮ್ಮ ತೋಟದ ಹನ್ನೊಂದು ಅಡಿಕೆ ಮರವನ್ನೂ ಊರ ಮುಂದಿನ ಮೂರು ಕರೆಂಟ್ ಕಂಬವನ್ನೂ ಮಲಗಿಸಿ ಹೋಯಿತು. ಮುಂಗಾರಿಗೆ ಮುಂಚಿನ ಮಳೆ ಅಂದರೆ ನಮ್ಮ ಕಡೆ ಹೀಗೇ. ಯಾರಿಗೂ ಅದೊಂದು ಆಶ್ಚರ್ಯವಲ್ಲ. 'ನಾಳೆ ಮಧ್ಯಾಹ್ನಕ್ಕೆ ಕರೆಂಟ್ ಬರುತ್ತೆ ಬಿಡು' ಅಂದುಕೊಂಡು ಆ ರಾತ್ರಿ ಯುಪಿಎಸ್‌ನಲ್ಲಿ ಟಿವಿ ಹಾಕಿ ಐಪಿಎಲ್ ಮ್ಯಾಚ್ ನೋಡಿದೆವು. ಹತ್ತೂವರೆಗೆ ಯುಪಿಎಸ್ ಕೀಂ ಅಂತ ಕೂಗಿ ಮಲಗಿತು. ಮ್ಯಾಚ್ ಕೊನೇ ಎರಡು ಓವರ್ ತಪ್ಪಿತಲ್ಲ ಅನ್ನುವುದೇ ಆಗ ನನ್ನ ದೊಡ್ಡ ದುಃಖ.

ಶನಿವಾರ ಮಧ್ಯಾಹ್ನ ಕರೆಂಟ್ ಬರಲಿಲ್ಲ. ಸಂಜೆಗೂ ಬರಲಿಲ್ಲ. ಟವರ್‌ನ ಬ್ಯಾಟರಿಯೂ ಮುಗಿಯಿತೋ ಏನೋ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಒಂದೊಂದೇ ಮಾಯವಾದವು. ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ಕೊಟ್ಟಿಗೆಯಲ್ಲಿ ಹಸು ಒಂದೇ ಸಮ ಕೂಗುತ್ತಿದೆ ಅಂತ ಅಪ್ಪ ಎದ್ದು ಹೋದರು. ಟಾರ್ಚ್ ಹುಡುಕಿದರು. ಸಿಕ್ಕಿತು, ಆದರೆ ಹತ್ತಲಿಲ್ಲ. ಹಾಗೇ ಕತ್ತಲಲ್ಲಿ, ಬರಿಗಾಲಲ್ಲಿ ಹೋದರು. ಐದು ನಿಮಿಷ ಬಿಟ್ಟು ವಾಪಸ್ ಬಂದವರು ಕಟ್ಟೆ ಮೇಲೆ ಕೂತು ನಿಧಾನಕ್ಕೆ, 'ಏನೋ ಕಚ್ತು ಕಣೋ, ಹುಳ ಇರಬೇಕು' ಅಂದರು. ನಮ್ಮಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ.

ಅಲ್ಲಿಂದ ಮನೆ ಬಿಡುವುದಕ್ಕೆ ನಮಗೆ ನಲವತ್ತೈದು ನಿಮಿಷ ಹಿಡಿಯಿತು. ಆ ನಲವತ್ತೈದು ನಿಮಿಷ ಎಲ್ಲೆಲ್ಲಿ ಹೋಯಿತು ಅಂತ ಆಮೇಲೆ ಎಷ್ಟೋ ಸಲ ಕೂತು ಲೆಕ್ಕ ಹಾಕಿದ್ದೇನೆ. ಈ ಬರಹ ಆ ಲೆಕ್ಕವೇ.

ಮೊದಲನೆಯದು ಬೆಳಕು. ಟಾರ್ಚ್ ಬಿಚ್ಚಿ ನೋಡಿದರೆ ಒಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿಕೊಂಡು, ಸ್ಪ್ರಿಂಗ್ ತುಕ್ಕು ಹಿಡಿದಿತ್ತು. ನನ್ನ ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್. ದೇವರ ಮನೆಯ ದೀಪ ತಂದು ಅದರ ಬೆಳಕಿನಲ್ಲಿ ಅಪ್ಪನ ಕಾಲು ನೋಡಿದೆವು. ಹಿಮ್ಮಡಿಯ ಮೇಲೆ ಎರಡು ಚುಕ್ಕೆ, ಸುತ್ತ ಆಗಲೇ ಊತ. ಅವ್ವ ಟವೆಲ್ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದಳು. ಅದು ತಪ್ಪು ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಿನಿಮಾದಲ್ಲಿ ನೋಡಿದ್ದೇ ನಮ್ಮ ವೈದ್ಯಕೀಯ ಜ್ಞಾನ.

ಎರಡನೆಯದು ಫೋನು. 108ಕ್ಕೆ ಹಚ್ಚಿದೆ, ಹೋಗಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಆರನೇ ಸಲಕ್ಕೆ ಫೋನೇ ಆಫ್ ಆಯಿತು. ನಮ್ಮ ಸಿಮ್ಮಿನ ನೆಟ್‌ವರ್ಕ್ ಇಲ್ಲದಿದ್ದರೂ ಅಕ್ಕಪಕ್ಕ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಚಿಕ್ಕಪ್ಪನ ನಂಬರ್, ಗೂಡ್ಸ್ ಆಟೊ ಓಡಿಸುವ ಪಕ್ಕದ ಬೀದಿ ಅಣ್ಣನ ನಂಬರ್, ಎಲ್ಲವೂ ಆ ಸತ್ತ ಫೋನಿನೊಳಗೆ ಇದ್ದವು. ಒಂದು ನಂಬರೂ ತಲೆಯಲ್ಲಿಲ್ಲ. ನಮ್ಮ ಅಜ್ಜಿಗೆ ಊರಿನ ಅರ್ಧ ಜನರ ಮದುವೆ ತಿಥಿ ಬಾಯಲ್ಲೇ ಇದೆ. ಎಂಜಿನಿಯರಿಂಗ್ ಓದುವ ನನಗೆ ಅವ್ವನ ಫೋನ್ ನಂಬರ್ ಸಹ ಪೂರ್ತಿ ಬರುತ್ತಿರಲಿಲ್ಲ.

ಮೂರನೆಯದು ಗಾಡಿ. ನಮ್ಮ ಬೈಕು ಎರಡು ದಿನದಿಂದ ರಿಸರ್ವ್‌ನಲ್ಲಿತ್ತು. ಬಂಕಿಗೆ ಹೋಗಿ ಬಾ ಅಂತ ಅಪ್ಪ ಹೇಳಿದ್ದರು, ನಾನು ನಾಳೆ ಅಂದಿದ್ದೆ. ಚಿಕ್ಕಪ್ಪನ ಕಾರು ನ್ಯಾಮತಿಗೆ ಮದುವೆಗೆ ಹೋಗಿತ್ತು. ಕತ್ತಲಲ್ಲಿ ಬಿದ್ದ ಕೊಂಬೆ ದಾಟಿಕೊಂಡು ಓಡಿ ಗೂಡ್ಸ್ ಆಟೊ ಅಣ್ಣನನ್ನು ಎಬ್ಬಿಸಿದೆ. ಪುಣ್ಯಾತ್ಮ, ಲುಂಗಿಯಲ್ಲೇ ಬಂದ.

ಆಟೊ ಹತ್ತುವಾಗ ಅಪ್ಪನ ಜೇಬು ನೋಡಿದರೆ ಎಪ್ಪತ್ತು ರೂಪಾಯಿ. ನನ್ನ ಬಳಿ ಒಂದು ಪೈಸೆಯೂ ಇಲ್ಲ, ಇದ್ದದ್ದೆಲ್ಲ ಫೋನಿನಲ್ಲಿ, ಫೋನು ಸತ್ತಿದೆ. ಆಗ ಅವ್ವ ಏನೂ ಮಾತಾಡದೆ ಒಳಗೆ ಹೋಗಿ, ಅಡುಗೆ ಮನೆಯ ಸಾಸಿವೆ ಡಬ್ಬಿ ಬಗ್ಗಿಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ್ದ ನೋಟು ತಂದಳು. ಸಾವಿರದ ಎಂಟುನೂರು ರೂಪಾಯಿ. ಆ ರಾತ್ರಿ ನಮ್ಮ ಮನೆಯಲ್ಲಿ ಆಪತ್ತಿಗೆ ಅಂತ ಮೊದಲೇ ಎತ್ತಿಟ್ಟಿದ್ದ ವಸ್ತು ಅದೊಂದೇ.

ಚನ್ನಗಿರಿ ತಾಲ್ಲೂಕು ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಡಾಕ್ಟರು ಮೊದಲು ಕೇಳಿದ್ದು ಹಾವು ಯಾವುದು ಅಂತ ಅಲ್ಲ, ಎಷ್ಟು ಹೊತ್ತಿಗೆ ಕಚ್ಚಿತು ಅಂತ. ಸಿರಿಂಜ್‌ನಲ್ಲಿ ರಕ್ತ ತೆಗೆದು ಗಾಜಿನ ಕೊಳವೆಗೆ ಹಾಕಿ ಅಲುಗಾಡಿಸದೆ ಇಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿ ನೋಡುವುದು. ಹೆಪ್ಪುಗಟ್ಟಿದ್ದರೆ ಒಂದು ಥರ, ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಕೈ ಹಾಕಿದೆ ಅಂತ. ಅಷ್ಟರಲ್ಲಿ ಅವರು ಕೇಳಿದ ಎರಡನೇ ಪ್ರಶ್ನೆ: 'ದಿನಾ ಯಾವ ಮಾತ್ರೆ ತಗೊಳ್ತಾರೆ?'

ಎರಡು ವರ್ಷದ ಹಿಂದೆ ಎದೆ ಉರಿ, ನೋವು ಅಂತ ದಾವಣಗೆರೆಯಲ್ಲಿ ತೋರಿಸಿದ ಮೇಲೆ ಅಪ್ಪ ದಿನಾ ಮಾತ್ರೆ ನುಂಗುತ್ತಾರೆ. ಅವ್ವ ಹೇಳಿದಳು, 'ಒಂದು ಗುಲಾಬಿ ಬಣ್ಣದ್ದು ಡಾಕ್ಟ್ರೇ, ಎರಡು ಬಿಳೀವು, ಸಣ್ಣವು.' ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. 'ರಕ್ತ ತೆಳು ಮಾಡೋ ಮಾತ್ರೆ ಇದೆಯಾ ಅದರಲ್ಲಿ?' ಗೊತ್ತಿಲ್ಲ. 'ಯಾವುದಾದರೂ ಔಷಧಿ ಮೈಗೆ ಆಗಲ್ಲ ಅಂತ ಇದೆಯಾ?' ಗೊತ್ತಿಲ್ಲ. ಅಪ್ಪನಿಗೇ ಕೇಳೋಣ ಅಂದರೆ ಅವರು ವಾಂತಿ ಮಾಡಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ಗಾಜಿನ ಕೊಳವೆ ಓರೆ ಮಾಡಿದಾಗ ರಕ್ತ ಹರಿಯಿತು. ಪ್ರತಿವಿಷ ಶುರು ಮಾಡಿದರು. ಕಾಲಿಗೆ ಕಟ್ಟಿದ್ದ ಟವೆಲ್ಲನ್ನು ಒಮ್ಮೆಲೇ ಬಿಚ್ಚದೆ, ಆಮೇಲೆ ನಿಧಾನವಾಗಿ ಸಡಿಲಿಸಿದರು. ಆಟೊ ಅಣ್ಣ ಮತ್ತೆ ಊರಿಗೆ ಹೋಗಿ, ಟಿವಿ ಮೇಲಿದ್ದ ಮಾತ್ರೆ ಚೀಟಿಗಳನ್ನು ಹುಡುಕಿ ತರುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಬಿಳಿ ಮಾತ್ರೆಗಳಲ್ಲಿ ಒಂದು ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವುದು. 'ಇದನ್ನ ಸದ್ಯಕ್ಕೆ ನಿಲ್ಲಿಸಿ, ಮುಂದಕ್ಕೆ ನಾವು ಹೇಳ್ತೀವಿ' ಅಂದರು. ಒಂದು ಸಾಲಿನ ಆ ಮಾಹಿತಿಗೆ ಒಂದು ಗಾಡಿ ಕತ್ತಲಲ್ಲಿ ಊರಿಗೆ ಹೋಗಿ ಬರಬೇಕಾಯಿತು.

ಅಪ್ಪ ಐದನೇ ದಿನ ಮನೆಗೆ ಬಂದರು. ಕಾಲಿನ ಊತ ಇಳಿಯಲು ತಿಂಗಳು ಹಿಡಿಯಿತು. ಈಗ ಚೆನ್ನಾಗಿದ್ದಾರೆ, ತೋಟಕ್ಕೆ ಹೋಗುತ್ತಾರೆ, ನನಗೆ ಬೈಯುತ್ತಾರೆ.

ಅವರನ್ನು ಕಚ್ಚಿದ್ದು ಯಾವ ಹಾವು ಅಂತ ಯಾರೂ ನೋಡಿಲ್ಲ. ಕೊಳಕುಮಂಡಲ ಇರಬಹುದು ಅಂತ ಡಾಕ್ಟರ ಊಹೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಕೊಡುವುದು ಒಂದೇ ಪ್ರತಿವಿಷ. ಹಾಗಾಗಿ ಹಾವು ಹುಡುಕಿ ಹೊಡೆದು ಆಸ್ಪತ್ರೆಗೆ ಹೊತ್ತೊಯ್ಯುವ ಸಾಹಸ ಬೇಡ. ಕಚ್ಚಿಸಿಕೊಂಡವರನ್ನು ನಡೆಸಬಾರದು. ಕಾಲು ಮುರಿದಾಗ ಅಲ್ಲಾಡದಂತೆ ಪಟ್ಟಿ ಇಟ್ಟು ಕಟ್ಟುತ್ತೇವಲ್ಲ, ಹಾಗೆ ಇರಿಸಬೇಕು. ಉಂಗುರ, ಕಾಲುಚೈನು ಬಿಚ್ಚಬೇಕು. ಕುಯ್ಯುವುದು, ಬಾಯಿಂದ ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಗಂಟೆ ನೋಡಿ ಗಾಡಿ ಹತ್ತಿಸಬೇಕು, ಅಷ್ಟೇ. ಕಟ್ಟುಹಾವು ಕಚ್ಚಿದರೆ ನೋವೂ ಗೊತ್ತಾಗದೆ ಹೋಗಬಹುದಂತೆ. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿದರೆ ಅದೇ ದೊಡ್ಡ ಕಾವಲು. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದೆ. ಎಲ್ಲಿ ಹೆಚ್ಚು, ಯಾವ ಕಾಲದಲ್ಲಿ ಹೆಚ್ಚು ಅನ್ನುವ ಲೆಕ್ಕ ಸಿಕ್ಕರೆ ತಾನೇ ಔಷಧಿ ಅಲ್ಲಿಗೆ ಹೋಗುವುದು.

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ನನಗೆ ತಲೆ ತಿನ್ನುತ್ತಿದ್ದ ಸಂಗತಿ ಬೇರೆ. ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ನಮ್ಮ ಮನೆಯ ಯುಪಿಎಸ್ ಬ್ಯಾಟರಿಗೆ ಎಂಟು ತಿಂಗಳಿಂದ ಡಿಸ್ಟಿಲ್ಡ್ ವಾಟರ್ ಹಾಕಿರಲಿಲ್ಲ. ಪರೀಕ್ಷೆಯಲ್ಲಿ ಬ್ಯಾಟರಿ ಬಗ್ಗೆ ಹತ್ತು ಮಾರ್ಕ್ಸಿನ ಪ್ರಶ್ನೆಗೆ ನಾನು ಚಿತ್ರ ಬರೆದು ಉತ್ತರಿಸಿದ್ದೇನೆ. ಮನೆಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮದು 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 1800 ವ್ಯಾಟ್ ಅವರ್. ಬ್ಯಾಟರಿ ಬಾಳಿಕೆ ಬರಬೇಕು ಅಂದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಲ್ಲಿಗೆ 900. ಯುಪಿಎಸ್‌ನಲ್ಲಿ ಸೋರಿಹೋಗುವುದು ಕಳೆದರೆ ಸುಮಾರು 700. ಒಂದು ಫ್ಯಾನ್, ಮೂರು ಎಲ್‌ಇಡಿ ಬಲ್ಬ್ ಹಾಕಿದರೆ ನೂರು ವ್ಯಾಟಿಗೆ ಹತ್ತಿರ, ಏಳು ಗಂಟೆಗೆ ಖತಂ. ಅದೇ 9 ವ್ಯಾಟಿನ ಎರಡು ಬಲ್ಬ್ ಮಾತ್ರ ಹಾಕಿ, ಫೋನ್ ಚಾರ್ಜ್‌ಗೆ ಸ್ವಲ್ಪ ಉಳಿಸಿಕೊಂಡರೆ ಒಂದು ರಾತ್ರಿಯಲ್ಲ, ಎರಡು ರಾತ್ರಿ ಸಾಗುತ್ತದೆ. ಅಂದರೆ ಆ ಬ್ಯಾಟರಿ ಸರಿಯಾಗಿದ್ದು, ಶುಕ್ರವಾರ ನಾನು ಮ್ಯಾಚ್ ನೋಡದೆ ಇದ್ದಿದ್ದರೆ ಶನಿವಾರ ಕೊಟ್ಟಿಗೆಗೆ ಬೆಳಕು ಇರುತ್ತಿತ್ತು. ಈ ವಾಕ್ಯ ಬರೆಯುವುದು ಸುಲಭವಲ್ಲ.

ಪವರ್ ಬ್ಯಾಂಕ್ ಕೊಳ್ಳುವವರಿಗೂ ಇದೇ ಲೆಕ್ಕ. ಡಬ್ಬಿಯ ಮೇಲೆ 10,000 ಎಂಎಎಚ್ ಅಂತ ಇದ್ದರೆ 5,000ದ ಫೋನು ಎರಡು ಸಲ ತುಂಬುತ್ತದೆ ಅಂದುಕೊಳ್ಳುತ್ತೇವೆ. ಒಳಗಿನ ಸೆಲ್ 3.7 ವೋಲ್ಟಿನದು, ಫೋನಿಗೆ ಕೊಡುವುದು 5 ವೋಲ್ಟಿನಲ್ಲಿ. ಏರಿಸುವಾಗ, ಇಳಿಸುವಾಗ ಕಳೆದು ಸಿಗುವುದು ಒಂದೂಕಾಲು ಸಲ ಅಷ್ಟೇ. ಅದೂ ಪವರ್ ಬ್ಯಾಂಕನ್ನು ಮೊದಲೇ ಚಾರ್ಜ್ ಮಾಡಿಟ್ಟಿದ್ದರೆ!

ಇನ್ನು ನೀರಿನ ಮಾತು. ಇದು ನಗುವೂ ಅಳುವೂ ಒಟ್ಟಿಗೆ ಬರುವ ವಿಷಯ. ನಮ್ಮ ಮಗ್ಗುಲಲ್ಲಿ ಇರುವುದು ಶಾಂತಿಸಾಗರ. ಸುತ್ತಳತೆ ಸುಮಾರು 30 ಕಿಲೋಮೀಟರ್. ಒಂಬತ್ತು ನೂರು ವರ್ಷದ ಹಿಂದೆ ಯಾರೋ ಪುಣ್ಯವಂತರು ಎರಡು ಗುಡ್ಡದ ನಡುವೆ ಹರಿಯುತ್ತಿದ್ದ ಹರಿದ್ರಾ ಹಳ್ಳಕ್ಕೆ ಏರಿ ಹಾಕಿದರು. ಏರಿ ಸಾವಿರ ಅಡಿಯೂ ಇಲ್ಲ, ಅದು ಹಿಡಿದ ನೀರು ಸಮುದ್ರದ ಹಾಗೆ ಕಾಣುತ್ತದೆ. ಸಿದ್ಧ ನಾಲೆ, ಬಸವ ನಾಲೆ ಅಂತ ಎರಡು ಕಡೆ ಕಾಲುವೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗದ ಒಡತಿಯರು ತಮ್ಮ ಹೆಸರನ್ನೇ ಕೆರೆಗೆ ಇಡಬೇಕು ಅಂತ ಷರತ್ತು ಹಾಕಿ ಬಿಟ್ಟುಕೊಟ್ಟರಂತೆ, ಅದಕ್ಕೇ ಸೂಳೆಕೆರೆ. ಹಾಸ್ಟೆಲ್‌ನಲ್ಲಿ ಊರ ಹೆಸರು ಹೇಳಿದಾಗ ನಗುವವರಿಗೆ ನಾನು ಈ ಕಥೆ ಹೇಳುತ್ತೇನೆ. ಈಗ ಈ ಕೆರೆಯ ನೀರು ಕೊಳವೆಯಲ್ಲಿ ಚಿತ್ರದುರ್ಗಕ್ಕೂ ಹೋಗುತ್ತದೆ. ಆದರೆ ಕರೆಂಟ್ ಇಲ್ಲದ ಆ ಶನಿವಾರ ನಮ್ಮ ಮನೆಯಲ್ಲಿ ಕುಡಿಯಲು ಇದ್ದದ್ದು ಒಂದೂವರೆ ಕೊಡ. ಬೋರ್‌ವೆಲ್‌ಗೆ ಕರೆಂಟ್ ಬೇಕು, ಊರಿನ ಓವರ್‌ಹೆಡ್ ಟ್ಯಾಂಕಿಗೂ ಕರೆಂಟ್ ಬೇಕು. ಹಳೇ ಬಾವಿಗೆ ಹಗ್ಗವೂ ಇಲ್ಲ, ರಾಟೆಯೂ ಇಲ್ಲ, ಒಳಗೆ ಪ್ಲಾಸ್ಟಿಕ್ಕು.

ನೀರಿನ ವಿಷಯದಲ್ಲಿ ನನ್ನ ಗುರು ನನ್ನ ರೂಮ್‌ಮೇಟ್, ಜಗಳೂರಿನವನು. ಮೊದಲ ವರ್ಷ ಅವನನ್ನು ನಾವೆಲ್ಲ ಜಿಪುಣ ಅಂತ ಆಡಿಕೊಳ್ಳುತ್ತಿದ್ದೆವು. ನಲ್ಲಿ ಬಂದ ಕೂಡಲೇ ಬಕೆಟ್ ತುಂಬಿಸಿಡುತ್ತಾನೆ, ಮುಖ ತೊಳೆದ ನೀರನ್ನೂ ಹಿಡಿದು ನೆಲ ಒರೆಸುತ್ತಾನೆ. ಅವನ ಬಾಲ್ಯವೆಲ್ಲ ಟ್ಯಾಂಕರ್ ಕಾಯುವುದರಲ್ಲಿ ಕಳೆದಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದಾಗ ನಮ್ಮ ಚನ್ನಗಿರಿಯವರು ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ಕೊಂಡು ಹಾಯಿಸಿ ಕಣ್ಣೀರು ಹಾಕಿದರು. ಅವನು ಮಾತ್ರ, 'ಈಗ ನಿಮಗೂ ಗೊತ್ತಾಯ್ತಾ?' ಅಂದ. ಮನೆಯಲ್ಲಿ ಎಷ್ಟು ನೀರು ಹಿಡಿದಿಡಬೇಕು ಅಂತ ಕೇಳಿದಾಗ ಅವನದೇ ಉತ್ತರ ನನ್ನ ಪುಸ್ತಕದ ಲೆಕ್ಕಕ್ಕೂ ತಾಳೆಯಾಯಿತು. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುತ್ತದೆ. ಆಪತ್ತಿನಲ್ಲಿ ಕುಡಿಯಲು, ಅಡುಗೆಗೆ, ತೀರಾ ಅಗತ್ಯದ ತೊಳೆಯುವುದಕ್ಕೆ ಕನಿಷ್ಠ 15 ಲೀಟರ್ ಅಂತ ಪರಿಹಾರ ಕೆಲಸ ಮಾಡುವವರ ಅಂದಾಜು. ನಾವು ಮನೆಯಲ್ಲಿ ಐದು ಜನ, ಮೂರು ದಿನ, 225 ಲೀಟರ್. ಮಾರ್ಕೆಟ್ಟಿನಲ್ಲಿ ಸಿಗುವ ನೀಲಿ ಡ್ರಮ್ 200 ಲೀಟರಿನದು. ಜೊತೆಗೆ ಎರಡು ಕೊಡ. ಇಷ್ಟೇ ವಿಷಯ. ಮುಚ್ಚಳ ಇರಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಬೇಕು. ಇಲ್ಲದಿದ್ದರೆ ಆಪತ್ತಿಗೆ ಅಂತ ಇಟ್ಟ ನೀರಿನಲ್ಲೇ ಸೊಳ್ಳೆ ಮರಿ ಮಾಡಿ ಡೆಂಗಿ ಬರುತ್ತದೆ.

ಅಜ್ಜಿಗೆ ನನ್ನ ಈ ಲೆಕ್ಕಾಚಾರ ತಮಾಷೆ. 'ನಮ್ ಕಾಲ್ದಾಗೆ ಹಗೇವು ಇತ್ತು, ವಾಡೇವು ಇತ್ತು, ಅಟ್ಟದ ಮ್ಯಾಲೆ ಸೌದೆ ಇತ್ತು. ಈಗಿನೋರು ಎರಡು ದಿನಕ್ಕೆ ಅಂಗಡಿಗೆ ಓಡ್ತೀರಿ' ಅನ್ನುತ್ತಾಳೆ. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲವಂತೆ. ಎಪ್ಪತ್ತೆರಡರ ಬರದಲ್ಲಿ ಮನೆ ಉಳಿದದ್ದು ಹಗೇವಿನ ಜೋಳದಿಂದ ಅಂತ ಅವಳು ಈಗಲೂ ಹೇಳುತ್ತಾಳೆ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಬಿಡುವುದು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಆಮ್ಲಜನಕ ಅನ್ನುವ ಪದ ಕೇಳದ ಜನ ಅದನ್ನು ಅಳೆಯುತ್ತಿದ್ದರು. ಹಳೇ ಬಾವಿ, ಗುಂಡಿಗಳಿಗೆ ಇಳಿಯುವವರು ಇವತ್ತಿಗೂ ಇದನ್ನು ಮರೆಯಬಾರದು.

ಊಟದ ಬಗ್ಗೆ ನಾವು ದಾವಣಗೆರೆ ಜಿಲ್ಲೆಯವರು ಚಿಂತೆ ಮಾಡುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ. ಮಂಡಕ್ಕಿ ನಮ್ಮದೇ. ಒಂದು ಡಬ್ಬಿ ಮಂಡಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ, ಖಡಕ್ ರೊಟ್ಟಿ, ಚಟ್ನಿಪುಡಿ ಇದ್ದರೆ ಒಲೆ ಹಚ್ಚದೆ ಮೂರು ದಿನ ಆರಾಮ. ಪೇಟೆಯ ಪಿಜಿಯಲ್ಲಿರುವ ಗೆಳೆಯರಿಗೂ ಇದೇ ಸಲಹೆ. ನೂಡಲ್ಸಿಗೆ ಬಿಸಿನೀರು ಬೇಕು, ಮಂಡಕ್ಕಿಗೆ ಏನೂ ಬೇಡ.

ಕಾಗದ ಪತ್ರದ ವಿಷಯ ಕಲಿತದ್ದು ಹೊನ್ನಾಳಿ ಅತ್ತೆಯಿಂದ. ಅವರ ಮನೆ ತುಂಗಭದ್ರಾ ದಂಡೆಗೆ ಹತ್ತಿರ. ಮಲೆನಾಡಿನಲ್ಲಿ ಮಳೆ ಜೋರಾದರೆ ಗಾಜನೂರಿನ ತುಂಗಾ ಅಣೆಕಟ್ಟೆ ಬೇಗ ತುಂಬುತ್ತದೆ, ಅದು ಮೂರು ಟಿಎಂಸಿ ಚಿಲ್ಲರೆ ಹಿಡಿಯುವ ಸಣ್ಣ ಅಣೆಕಟ್ಟೆ. ಬಂದಷ್ಟು ನೀರನ್ನೂ ಬಿಡಲೇಬೇಕು. ಭದ್ರಾ ಹಾಗಲ್ಲ, 71 ಟಿಎಂಸಿಗೂ ಹೆಚ್ಚು ಹಿಡಿಯುತ್ತದೆ. ಆದರೆ ಅದೂ ತುಂಬಿ ಗೇಟ್ ತೆಗೆದರೆ ಕೂಡ್ಲಿಯಲ್ಲಿ ಎರಡೂ ಹೊಳೆ ಸೇರಿ ನೇರ ಹೊನ್ನಾಳಿ, ಹರಿಹರದ ಮೇಲೆ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಹೊನ್ನಾಳಿಯ ಬಾಲರಾಜ ಘಾಟ್ ಕಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗಿ ಜನ ಕಾಳಜಿ ಕೇಂದ್ರಕ್ಕೆ ಹೋದರು. ಅತ್ತೆ ಮನೆಯಲ್ಲಿ ನೀರು ಇಳಿದ ಮೇಲೆ ಟ್ರಂಕ್ ತೆಗೆದರೆ ಪಹಣಿ, ಪಾಸ್‌ಬುಕ್ಕು, ನನ್ನ ಅತ್ತೆ ಮಗನ ಅಂಕಪಟ್ಟಿ ಎಲ್ಲ ಒಂದೇ ಮುದ್ದೆ. ಅವನಿಗೆ ಮುಂದೆ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಮೂಲ ಅಂಕಪಟ್ಟಿ ಇಲ್ಲ. ನಕಲು ಪಡೆಯಲು ಅಫಿಡವಿಟ್ಟು, ಶುಲ್ಕ, ಶಾಲೆಗೆ ಅಲೆದಾಟ. ಕೊನೆಗೂ ಸಿಕ್ಕಿತು, ಆದರೆ ಆ ಹದಿನೈದು ದಿನ ಅವನು ನಿದ್ದೆ ಮಾಡಿಲ್ಲ. ಕೆಲಸ ಹುಡುಕುತ್ತಿರುವ ಗೆಳೆಯರೇ, ಇದೊಂದನ್ನು ಇವತ್ತೇ ಮಾಡಿ. ಅಂಕಪಟ್ಟಿಗಳನ್ನು ಡಿಜಿಲಾಕರ್‌ಗೆ ತನ್ನಿ, ಅಲ್ಲಿ ಸಿಗುವ ದಾಖಲೆಗೆ ಕಾನೂನಿನಲ್ಲಿ ಮೂಲದಷ್ಟೇ ಬೆಲೆ. ನೆಟ್‌ವರ್ಕ್ ಇಲ್ಲದ ದಿನಕ್ಕೆ ಜೆರಾಕ್ಸ್ ಒಂದು ಸೆಟ್ ಬೇರೆ ಮನೆಯಲ್ಲಿಡಿ. ನಮ್ಮ ಸೆಟ್ ಹೊನ್ನಾಳಿಯಲ್ಲಿದೆ, ಅತ್ತೆಯವರದು ನಮ್ಮಲ್ಲಿ. ಹೊಳೆಯೂ ಗಾಳಿಯೂ ಒಂದೇ ದಿನ ಎರಡೂ ಮನೆಗೆ ಬರಲಾರವು ಅನ್ನುವ ಧೈರ್ಯ.

ಅತ್ತೆ ಈಗ ಆಷಾಢ ಬಂತೆಂದರೆ ಟ್ರಂಕ್ ಅಟ್ಟಕ್ಕೆ ಏರಿಸುತ್ತಾರೆ. ಪ್ಲಾಸ್ಟಿಕ್ ಕವರ್‌ನಲ್ಲಿ ದಾಖಲೆ, ಎರಡು ಜೊತೆ ಬಟ್ಟೆ, ಮಾವನ ಸಕ್ಕರೆ ಕಾಯಿಲೆ ಮಾತ್ರೆ ಹತ್ತು ದಿನಕ್ಕೆ, ಎಲ್ಲ ಒಂದು ಚೀಲದಲ್ಲಿ ಬಾಗಿಲ ಹಿಂದೆ. 'ನೀರು ಬಂದ ಮ್ಯಾಲೆ ಹುಡುಕೋಕೆ ಟೈಮ್ ಇರಲ್ಲಪ್ಪ. ದನದ ಹಗ್ಗ ಬಿಚ್ಚೋದ ಮೊದಲು, ಆಮೇಲೆ ಚೀಲ' ಅನ್ನುತ್ತಾರೆ. ಗೇಟ್ ತೆಗೆದ ಸುದ್ದಿ ಬಂದರೆ ಅವರು ಟಿವಿ ಮುಂದೆ ಕೂರುವುದಿಲ್ಲ, ಹೊಳೆ ಮೆಟ್ಟಿಲು ಎಣಿಸಿ ಬರುತ್ತಾರೆ.

ನಮ್ಮ ಮನೆಯಲ್ಲಿ ನಾನು ಮೊದಲು ಮಾಡಿದ್ದು ಅತಿ. ಎಂಜಿನಿಯರ್ ಅಲ್ಲವೇ! ಲ್ಯಾಮಿನೇಟ್ ಮಾಡಿದ ಚಾರ್ಟು, ಕೆಂಪು ಬ್ಯಾಗು, ಅದರೊಳಗೆ ಇಪ್ಪತ್ತೆರಡು ಐಟಂ. ಒಂದು ತಿಂಗಳು ಬಿಟ್ಟು ಬಂದು ನೋಡಿದರೆ ಬಿಸ್ಕತ್ತು ತಮ್ಮ ತಿಂದಿದ್ದ, ಸೆಲ್ಲುಗಳು ಟಿವಿ ರಿಮೋಟಿನಲ್ಲಿದ್ದವು, ಬ್ಯಾಗಿನಲ್ಲಿ ಅವ್ವ ಕಡ್ಲೆಬೀಜ ತುಂಬಿಟ್ಟಿದ್ದಳು. ಸಿಟ್ಟು ಬಂದರೂ ಅರ್ಥವಾಯಿತು. ದಿನಾ ಬಳಸದ ವಸ್ತು ಮನೆಯಲ್ಲಿ ಉಳಿಯುವುದಿಲ್ಲ. ಈಗ ಟಾರ್ಚ್ ಚಾರ್ಜಿಂಗ್‌ನದು, ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದೇವೆ, ಅಪ್ಪ ದಿನಾ ಅದನ್ನೇ ಹಿಡಿದು ಕೊಟ್ಟಿಗೆಗೆ ಹೋಗುತ್ತಾರೆ. ಬೈಕಿನ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಗ್ಯಾಸ್ ಸೋರಿದರೆ 1906, ಕರೆಂಟಿಗೆ 1912, ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ 1077, ಎಲ್ಲದಕ್ಕೂ 112. ಇವುಗಳ ಕೆಳಗೆ ಆಟೊ ಅಣ್ಣನ ನಂಬರು, ಚಿಕ್ಕಪ್ಪನ ನಂಬರು. ಇಷ್ಟನ್ನು ಚಾರ್ಟಿನಲ್ಲಿ ಅಲ್ಲ, ಅಡುಗೆ ಮನೆ ಗೋಡೆಯ ಮೇಲೆ ಇದ್ದಿಲಲ್ಲಿ ಅವ್ವನ ಕೈಯಲ್ಲೇ ಬರೆಸಿದೆ. ಬರೆಯುವಾಗ ಅವಳಿಗೆ ಬಾಯಿಪಾಠ ಆಯಿತು. ಅಪ್ಪನ ಮಾತ್ರೆಗಳ ಹೆಸರು, ರಕ್ತದ ಗುಂಪು ಬರೆದ ಚೀಟಿ ಮೂರು ಕಡೆ ಇದೆ: ಅಪ್ಪನ ಜೇಬಿನಲ್ಲಿ, ಅವ್ವನ ಪರ್ಸಿನಲ್ಲಿ, ನನ್ನ ಫೋನ್ ಕವರ್ ಹಿಂದೆ.

ಬ್ಯಾಂಕಿನಲ್ಲಿ ಇನ್ನೊಂದು ಕೆಲಸವಾಯಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ, ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಹಾವು ಕಡಿತವೂ ಅದರಲ್ಲಿ ಸೇರುತ್ತದೆ, ಆಸ್ಪತ್ರೆಯ ದಾಖಲೆ ಇರಬೇಕು. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಅಪ್ಪನ ಖಾತೆಯಲ್ಲಿ ಹಿಂದಿನ ವರ್ಷ ಹಣ ಕಡಿತವಾಗುವ ಹೊತ್ತಿಗೆ ಬ್ಯಾಲೆನ್ಸ್ ಇರಲಿಲ್ಲವಾದ್ದರಿಂದ ಆ ರಾತ್ರಿ ಅವರಿಗೆ ವಿಮೆಯೂ ಇರಲಿಲ್ಲ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಈ ಪೇಪರ್ ಓದಿದರೆ ಗೊತ್ತಾಗುತ್ತದೆ.

ತಪಾಸಣೆಗೆ ದಿನ ಗೊತ್ತು ಮಾಡಿದ್ದು ಅಜ್ಜಿ. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮನೆ ಧೂಳು ಹೊಡೆಯುವಾಗ ಒಮ್ಮೆ, ಆಯುಧ ಪೂಜೆಗೆ ಒಮ್ಮೆ. ಹೋದ ಆಯುಧ ಪೂಜೆಯಲ್ಲಿ ಕುಡುಗೋಲು, ಪಂಪ್‌ಸೆಟ್ ಸ್ಟಾರ್ಟರ್, ಬೈಕಿನ ಜೊತೆ ಟಾರ್ಚಿಗೂ ಯುಪಿಎಸ್‌ಗೂ ಕುಂಕುಮ ಬಿತ್ತು. ನಾನು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಅಜ್ಜಿ ಅದನ್ನು ತೀರ್ಥ ಅಂದುಕೊಂಡು ಕೈ ಒಡ್ಡಿದಳು.

ಅಪ್ಪನಿಗೆ ಗಂಬೂಟು ತಂದುಕೊಟ್ಟಿದ್ದೇನೆ. ಕಾಲು ಬೆವರುತ್ತೆ ಅಂತ ಹಾಕುವುದಿಲ್ಲ. ಆ ಜಗಳ ಇನ್ನೂ ನಡೆಯುತ್ತಿದೆ.

ಸಾಸಿವೆ ಡಬ್ಬಿಯಲ್ಲಿ ಈಗ ಎಷ್ಟಿದೆ ಅಂತ ಅವ್ವ ಹೇಳುವುದಿಲ್ಲ. ಡಬ್ಬಿಯೂ ಬದಲಾಗಿರಬೇಕು. ಮೊನ್ನೆ ರಾತ್ರಿ ಹಾಸ್ಟೆಲ್‌ಗೆ ಫೋನ್ ಮಾಡಿದ್ದಳು. ಊರಲ್ಲಿ ಗಾಳಿ ಮಳೆ, ಕರೆಂಟ್ ಹೋಗಿದೆ ಅಂದಳು. ಟಾರ್ಚ್ ಕೈಗೆ ಸಿಕ್ಕಿತಾ ಅಂತ ಕೇಳಿದೆ.

'ಮೊಳೆಯಲ್ಲೇ ಇತ್ತು ಕಣೋ. ನಿಮ್ಮಪ್ಪ ತಗೊಂಡು ಪಕ್ಕದ ಮನೆಗೆ ಹೋದ್ರು. ಅವರ ಮನೇಲಿ ಟಾರ್ಚ್ ಹತ್ತಲಿಲ್ಲವಂತೆ.'